ಮಿಂಟೋ ಉಬುಂಟುವೋ, ಲಿಬ್ರೆಯೋ ಓನ್ಲಿಯೋ: ಮನೆಯ ಕಂಪ್ಯೂಟರಿಗೆ ಮುಕ್ತ ತಂತ್ರಾಂಶ ಆರಿಸುವ ಬಗೆ

ಬೆಂಗಳೂರಿನ ಹನುಮಂತನಗರದಲ್ಲಿ ನಾವಿರುವ ಮನೆಯ ಮೇಲಿನ ಮಹಡಿಯಲ್ಲಿ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರಿದ್ದಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಆ ವಾರ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಬಂದರು. 2016ರಲ್ಲಿ ಕೊಂಡದ್ದು. ಆರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಒಳಗೆ ಗಿರ‍್ರನೆ ತಿರುಗುವ ಹಳೇ ಹಾರ್ಡ್ ಡಿಸ್ಕ್. "ಹನ್ನೊಂದು ಹಾಕಕ್ಕೆ ಆಗಲ್ಲ ಅಂತಿದೆ. ಹೊಸದು ತಗೋ ಅಂತ ಮಗ ಅಂತಾನೆ. ಅದೇನೋ ಲಿನಕ್ಸ್ ಅಂತೆ, ಉಬುಂಟು ಅಂತೆ, ಮಿಂಟ್ ಅಂತೆ. ಯಾವುದು ಒಳ್ಳೇದು, ಹೇಳಪ್ಪ" ಎಂದರು.

ಲಿನಕ್ಸ್ ಎಂದರೆ ವಿಂಡೋಸಿನ ಜಾಗದಲ್ಲಿ ಹಾಕಿಕೊಳ್ಳಬಹುದಾದ, ಯಂತ್ರವನ್ನೇ ನಡೆಸುವ ಮುಕ್ತ ತಂತ್ರಾಂಶ (ಓಎಸ್). ಉಬುಂಟು, ಮಿಂಟ್ ಅದರ ಬಗೆಗಳು. ಈ ಪ್ರಶ್ನೆ ನನಗೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಯಾವುದು ಒಳ್ಳೆಯದು ಎಂದು ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನೀವು ಮಾಡಿದ ಫೈಲು ಆಮೇಲೆ ಯಾರ ಕೈಗೆ ಹೋಗುತ್ತದೆ? ಮೇಷ್ಟ್ರ ಫೈಲುಗಳು ಹೋಗುವುದು ಮೂರು ಕಡೆ: ಬಡಾವಣೆಯ ಸಂಘದ ಕಾರ್ಯದರ್ಶಿಗೆ, ಚಾಮರಾಜಪೇಟೆಯ ಒಂದು ಡಿಟಿಪಿ ಅಂಗಡಿಗೆ, ಮತ್ತು ಪ್ರಿಂಟ್ ತೆಗೆಸಲು ಬೀದಿ ಕೊನೆಯ ಜೆರಾಕ್ಸ್ ಅಂಗಡಿಗೆ. ಈ ಮೂವರೂ ಏನು ಬಳಸುತ್ತಾರೆ ಎಂದು ತಿಳಿದರೆ ಅರ್ಧ ಆಯ್ಕೆ ತಾನಾಗಿಯೇ ಆಗಿಹೋಗುತ್ತದೆ. ಮಿಕ್ಕ ಅರ್ಧವನ್ನು ಕನ್ನಡ ತೀರ್ಮಾನಿಸುತ್ತದೆ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಉಚಿತ ಬೇರೆ, ಮುಕ್ತ ಬೇರೆ

ಇಂಗ್ಲಿಷಿನವರಿಗೆ ಪುಕ್ಕಟೆಗೂ ಸ್ವಾತಂತ್ರ್ಯಕ್ಕೂ ಫ್ರೀ ಎಂಬ ಒಂದೇ ಪದ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶದ ಯೋಜನೆ ಘೋಷಿಸಿದಾಗಿನಿಂದ ಅವರು ಆ ಗೊಂದಲವನ್ನು ಬಿಡಿಸಿ ಹೇಳುತ್ತಲೇ ಬಂದಿದ್ದಾರೆ. ನಮಗೆ ಆ ತೊಂದರೆ ಇಲ್ಲ. ಉಚಿತ ಎಂದರೆ ಕಾಸಿಲ್ಲ. ಮುಕ್ತ ಎಂದರೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಡಬ್ಲ್ಯುಪಿಎಸ್ ಆಫೀಸ್ ಉಚಿತವಾಗಿ ಸಿಗುತ್ತದೆ, ಆದರೆ ಮುಕ್ತವಲ್ಲ. ಗೂಗಲ್ ಡಾಕ್ಸ್ ಕೂಡ ಅಷ್ಟೇ.

ಇನ್ನೊಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ಮುಕ್ತ ತಂತ್ರಾಂಶಕ್ಕೆ ಪೈಪೋಟಿ ಕೊಡುತ್ತಿರುವುದು ದುಡ್ಡು ಕೊಟ್ಟು ಕೊಳ್ಳುವ ಆಫೀಸ್ ಅಲ್ಲ, ಕದ್ದ ಆಫೀಸ್. "ಎಲ್ಲಾ ಹಾಕಿ ಕೊಡ್ತೀನಿ ಸಾರ್, ಲೈಫ್‌ಟೈಮ್ ಆಕ್ಟಿವೇಶನ್" ಎಂದು ಅಂಗಡಿಯ ಹುಡುಗ ಹಾಕಿಕೊಡುವ ಸರಕು ಅದು. ಹಾಕುವ ಮೊದಲು ಅವನು ಆಂಟಿವೈರಸ್ ಆಫ್ ಮಾಡುತ್ತಾನೆ, ಗಮನಿಸಿದ್ದೀರಾ? ಬೀಗ ಒಡೆಯುವ ಆ ಪ್ರೋಗ್ರಾಮನ್ನು ಆಂಟಿವೈರಸ್ ಹಿಡಿಯುತ್ತದೆ, ಅದಕ್ಕೇ ಆಫ್ ಮಾಡುವುದು. ನೆಟ್ ಬ್ಯಾಂಕಿಂಗ್ ಮಾಡುವ ಯಂತ್ರದಲ್ಲಿ ಇಂಥದ್ದನ್ನು ಇಟ್ಟುಕೊಳ್ಳುವುದು ಬಾಗಿಲ ಕೀಲಿಯನ್ನು ಬೀಗ ಒಡೆದವನ ಕೈಗೇ ಕೊಟ್ಟು ಮಲಗಿದ ಹಾಗೆ.

ಆಫೀಸ್: ಲಿಬ್ರೆಯೋ, ಓನ್ಲಿಯೋ

ಮೊದಲು ಒಂದು ಹೆಸರನ್ನು ಪಟ್ಟಿಯಿಂದ ಕಿತ್ತು ಹಾಕೋಣ: ಓಪನ್ ಆಫೀಸ್. ಈ ಹೆಸರು ಎಲ್ಲರಿಗೂ ನೆನಪಿದೆ, ಹುಡುಕಿದರೆ ಇಂದಿಗೂ ಸಿಗುತ್ತದೆ, ಜನ ಇಂದಿಗೂ ಹಾಕಿಕೊಳ್ಳುತ್ತಾರೆ. ಅದರ ಒಡೆತನವಿದ್ದ ಸನ್ ಕಂಪನಿ ಒರಾಕಲ್ ಪಾಲಾದ ವರ್ಷ, ಅಂದರೆ 2010ರಲ್ಲಿ, ಅದನ್ನು ಬೆಳೆಸುತ್ತಿದ್ದವರಲ್ಲಿ ಬಹುಪಾಲು ಜನ ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ ಲಿಬ್ರೆ ಆಫೀಸ್ ಶುರುಮಾಡಿದರು. ಹಳೆಯ ಮನೆ ಈಗ ಅಪಾಚೆ ಓಪನ್ ಆಫೀಸ್ ಎಂಬ ಹೆಸರಿನಲ್ಲಿದೆ. ಅದು ವರ್ಡಿನ ಡಾಕ್ಸ್ (.docx) ಫೈಲನ್ನು ತೆರೆಯುತ್ತದೆ, ಆದರೆ ಡಾಕ್ಸ್ ಆಗಿ ಉಳಿಸಲು ಬರುವುದಿಲ್ಲ. ಇಷ್ಟು ಸಾಕು ಅದನ್ನು ಬಿಡಲು.

ಉಳಿದದ್ದು ಲಿಬ್ರೆ ಆಫೀಸ್ ಮತ್ತು ಓನ್ಲಿ ಆಫೀಸ್. ಎರಡೂ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತವೆ. ಎರಡೂ ಮುಕ್ತ. ಆದರೆ ಇವುಗಳ ಸ್ವಭಾವವೇ ಬೇರೆ.

ಓನ್ಲಿ ಆಫೀಸ್ ತೆರೆದರೆ ಮೈಕ್ರೋಸಾಫ್ಟ್ ಆಫೀಸಿನ ತಮ್ಮನನ್ನು ಕಂಡಂತಾಗುತ್ತದೆ. ಮೇಲೆ ಅದೇ ಟ್ಯಾಬುಗಳು, ಅದೇ ಜಾಗದಲ್ಲಿ ಅದೇ ಗುಂಡಿಗಳು. ಅದರ ಮಾತೃಭಾಷೆಯೇ ವರ್ಡಿನ ಡಾಕ್ಸ್, ಎಕ್ಸೆಲ್ಲಿನ ಎಕ್ಸೆಲ್‌ಎಸ್‌ಎಕ್ಸ್ (.xlsx). ಹಾಗಾಗಿ ಆಫೀಸಿನಿಂದ ಬಂದ ಇಂಗ್ಲಿಷ್ ಕರಾರುಪತ್ರ, ಟೇಬಲ್ ತುಂಬಿದ ಬಯೋಡೇಟಾ, ಬದಲಾವಣೆಗಳನ್ನು ಗುರುತು ಹಾಕಿಟ್ಟ ಕರಡು, ಇವು ಅದರಲ್ಲಿ ಕಡಿಮೆ ಚದುರುತ್ತವೆ. ಹೊಸದಾಗಿ ಬಂದವರಿಗೆ ಹತ್ತು ನಿಮಿಷದಲ್ಲಿ ಕೈ ಕೂರುತ್ತದೆ.

ಲಿಬ್ರೆ ಆಫೀಸ್ ಮೊದಲ ನೋಟಕ್ಕೆ ಹಳಬನಂತೆ ಕಾಣುತ್ತದೆ. ವ್ಯೂ ಮೆನುವಿನ ಯೂಸರ್ ಇಂಟರ್‌ಫೇಸ್‌ನಲ್ಲಿ ಟ್ಯಾಬ್ಡ್ ಆರಿಸಿದರೆ ಆ ದೂರೂ ಹೋಗುತ್ತದೆ. ಆದರೆ ಒಳಗೆ ಸರಕು ಹೆಚ್ಚು: ಚಿತ್ರ ಬಿಡಿಸಲು ಡ್ರಾ, ಮಾಹಿತಿ ಜೋಡಿಸಿಡಲು ಬೇಸ್, ದೊಡ್ಡ ಪುಸ್ತಕಕ್ಕೆ ಬೇಕಾದ ಸ್ಟೈಲುಗಳು, ಪಿಡಿಎಫ್ ಮಾಡುವಾಗ ಬೇಕಾದ ಎಲ್ಲ ಆಯ್ಕೆಗಳು. ಮೆನು ಕನ್ನಡದಲ್ಲೇ ಬೇಕೆಂದರೂ ಸಿಗುತ್ತದೆ. ಅದರ ಸ್ವಂತ ರೂಪವಾದ ಓಡಿಎಫ್ 2006ರಿಂದ ಐಎಸ್‌ಒ ಮಾನಕ.

ಕನ್ನಡ ಬರೆಯುವವರಿಗೆ ನಾನು ಲಿಬ್ರೆಯನ್ನೇ ಹೇಳುತ್ತೇನೆ. ಓನ್ಲಿ ಆಫೀಸಿನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. ಈಗ ಬಹಳ ಸುಧಾರಿಸಿದೆ, ಆದರೂ ಯಾವ ಪ್ರೋಗ್ರಾಮೇ ಆಗಲಿ, ನಾನು ಮೊದಲು ಮಾಡುವ ಪರೀಕ್ಷೆ ಒಂದಿದೆ. ಹೊಸ ಪುಟದಲ್ಲಿ "ರಾಷ್ಟ್ರೀಯ ಸ್ತ್ರೀ ಕಾರ್ಯದರ್ಶಿ ರ‍್ಯಾಂಕ್" ಎಂದು ಬರೆಯುತ್ತೇನೆ. ಅರ್ಥ ಕೇಳಬೇಡಿ. ಮೊದಲೆರಡು ಪದಗಳಲ್ಲಿ ಮೂರು ವ್ಯಂಜನ ಒಟ್ಟಿಗೆ ಬರುತ್ತವೆ. ಮೂರನೆಯದರಲ್ಲಿ ಅರ್ಕಾವತ್ತು ಎರಡು ಕಡೆ ಇದೆ. ನಾಲ್ಕನೆಯದರಲ್ಲಿ ಅರ್ಕಾವತ್ತು ಬರಬಾರದು, ರಕಾರಕ್ಕೆ ಯಕಾರದ ಒತ್ತು ಬರಬೇಕು. ಆಮೇಲೆ ಪಿಡಿಎಫ್ ಮಾಡಿ, ಬ್ಯಾಕ್‌ಸ್ಪೇಸ್ ಒತ್ತಿ ಒಂದೊಂದೇ ಅಕ್ಷರ ಅಳಿಸಿ ನೋಡುತ್ತೇನೆ. ಈ ನಾಲ್ಕು ಪದ ದಾಟಿದ ಪ್ರೋಗ್ರಾಮ್ ಮಿಕ್ಕ ಕನ್ನಡವನ್ನೂ ದಾಟುತ್ತದೆ.

ಲಿಬ್ರೆಯಲ್ಲಿ ಎಲ್ಲರೂ ಎಡವುವ ಒಂದು ಕಡೆ ಇದೆ, ನಾನೂ ಒಂದು ಸಂಜೆಯೆಲ್ಲ ಅಲ್ಲೇ ತಲೆ ಕೆರೆದುಕೊಂಡಿದ್ದೆ. ಪ್ಯಾರಾ ಸ್ಟೈಲಿನಲ್ಲಿ ಫಾಂಟ್ ಬದಲಾಯಿಸುತ್ತೀರಿ, ಗಾತ್ರ 14 ಮಾಡುತ್ತೀರಿ, ಇಂಗ್ಲಿಷ್ ದೊಡ್ಡದಾಗುತ್ತದೆ, ಕನ್ನಡ ಮಾತ್ರ ಇದ್ದಲ್ಲೇ ಇರುತ್ತದೆ. ಲಿಬ್ರೆ ನಮ್ಮ ಲಿಪಿಯನ್ನು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬ ಬೇರೆ ಸಾಲಿನಲ್ಲಿ ಕೂರಿಸುತ್ತದೆ, ಅದಕ್ಕೆ ಬೇರೆಯದೇ ಫಾಂಟು, ಬೇರೆಯದೇ ಗಾತ್ರ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್ ಎಂದು ಹೋಗಿ ಅದನ್ನು ಆನ್ ಮಾಡಿ ಕನ್ನಡ ಎಂದು ಆರಿಸಿ, ಸ್ಟೈಲಿನಲ್ಲಿ ಆ ಭಾಗದ ಫಾಂಟನ್ನೂ ಬದಲಿಸಿದರೆ ಮುಗಿಯಿತು.

ಇನ್ನೊಂದು ಫಾಂಟಿನ ಮಾತು. ವಿಂಡೋಸಿನ ತುಂಗಾ, ನಿರ್ಮಲಾ ಫಾಂಟುಗಳು ಲಿನಕ್ಸಿನಲ್ಲಿಲ್ಲ. ನೀವು ತುಂಗಾದಲ್ಲಿ ಬರೆದ ಮೂರು ಪುಟ ಅಲ್ಲಿ ಬೇರೆ ಫಾಂಟಿನಲ್ಲಿ ತೆರೆದು ಮೂರೂವರೆ ಪುಟವಾದರೆ ಬೈಗುಳ ಬೀಳುವುದು ಲಿಬ್ರೆಗೆ, ತಪ್ಪು ಫಾಂಟಿನದು. ಎರಡೂ ಕಡೆ ನೋಟೋ ಸೆರಿಫ್ ಕನ್ನಡ ಹಾಕಿಕೊಂಡು ಅದರಲ್ಲೇ ಬರೆಯಿರಿ. ಅದೂ ಮುಕ್ತ ಫಾಂಟೇ.

ಮೇಷ್ಟ್ರ ಸಂಘದ ಕಾರ್ಯದರ್ಶಿಗೆ ಒಮ್ಮೆ ಲಿಬ್ರೆಯ ಸ್ವಂತ ರೂಪದ ಓಡಿಟಿ ಫೈಲು ಹೋಗಿ, ಅವರ ಫೋನಿನಲ್ಲಿ ತೆರೆಯದೆ, ಸಭೆಯ ನೋಟಿಸೇ ತಡವಾಯಿತು. ಅದಕ್ಕೆ ಮದ್ದು: ಆಪ್ಷನ್ಸ್‌ನಲ್ಲಿ ಲೋಡ್/ಸೇವ್ ಭಾಗದಲ್ಲಿ ಯಾವಾಗಲೂ ವರ್ಡ್ ರೂಪದಲ್ಲೇ ಉಳಿಸು ಎಂದು ಒಮ್ಮೆ ಹೇಳಿಬಿಡುವುದು. ತಿದ್ದಬೇಕಾದವರಿಗೆ ಡಾಕ್ಸ್, ಓದಬೇಕಾದವರಿಗೆ ಪಿಡಿಎಫ್. ಜೆರಾಕ್ಸ್ ಅಂಗಡಿಗೆ ಯಾವಾಗಲೂ ಪಿಡಿಎಫ್.

ಎಕ್ಸೆಲ್ ವಿಚಾರದಲ್ಲಿ ಮಾತ್ರ ಸ್ವಲ್ಪ ಎಚ್ಚರ. ಮನೆ ಖರ್ಚು, ಚೀಟಿ ಲೆಕ್ಕ, ಮಕ್ಕಳ ಅಂಕಪಟ್ಟಿ, ಪಿವೋಟ್ ಟೇಬಲ್ ತನಕ ಲಿಬ್ರೆಯ ಕ್ಯಾಲ್ಕ್ ಧಾರಾಳ. ಕಚೇರಿಯಿಂದ ಬಂದ ಮ್ಯಾಕ್ರೋ (ತಾವಾಗಿ ಓಡುವ ಆಜ್ಞೆಗಳು) ತುಂಬಿದ ಶೀಟು ಇದ್ದರೆ ಎಲ್ಲ ಮ್ಯಾಕ್ರೋ ಓಡುತ್ತವೆ ಎಂಬ ಭರವಸೆ ಇಲ್ಲ. ಅಂಥ ಶೀಟೇ ನಿಮ್ಮ ಹೊಟ್ಟೆಪಾಡಾಗಿದ್ದರೆ ಎಕ್ಸೆಲ್ ಬಿಡಬೇಡಿ.

ಪೌಂಡ್ ಗುರುತಿನ ಕನ್ನಡ

ಮೇಷ್ಟ್ರ ಬಳಿ 2004ರಿಂದ ಟೈಪ್ ಮಾಡಿಟ್ಟ ಫೈಲುಗಳಿವೆ: ಪ್ರಶ್ನೆಪತ್ರಿಕೆ, ನಾಟಕದ ಪ್ರತಿ, ಬೀಳ್ಕೊಡುಗೆಯ ಭಾಷಣ. ಅದರಲ್ಲೊಂದನ್ನು ಲಿಬ್ರೆಯಲ್ಲಿ ತೆರೆದೆ. ಕನ್ನಡ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಮತ್ತೊಂದು ಗೀಟಿನ ಎ, ಜರ್ಮನ್ ಬರಹದಲ್ಲಿ ಬರುವ ಆ ಎರಡು ಹೊಟ್ಟೆಯ ಅಕ್ಷರ, ಕೊನೆಗೆ ಒಂದು ಕ್ಯು, ಇನ್ನೊಂದು ಗೀಟಿನ ಎ. ಮೇಷ್ಟ್ರು ಗಾಬರಿ: "ಲಿಬ್ರೆ ನನ್ನ ಫೈಲ್ ಕೆಡಿಸಿಬಿಡ್ತಲ್ಲಪ್ಪ!"

ಕೆಟ್ಟಿರಲಿಲ್ಲ. ಇದು ಆಸ್ಕಿ ಕಾಲದ ನುಡಿಯ ಫಾಂಟು. ಅಂದು ಫೈಲಿನೊಳಗೆ ಇದ್ದದ್ದೇ ಈ ಪಿ, ಈ ಪೌಂಡು. ಅದರ ಮೇಲೆ ನುಡಿ ಫಾಂಟು ಕನ್ನಡದ ಮುಖವಾಡ ತೊಡಿಸುತ್ತಿತ್ತು. ನಕಾರಕ್ಕೆ ಪೌಂಡ್ ಗುರುತು, ನಕಾರದ ಒತ್ತಿಗೆ ಆ ಜರ್ಮನ್ ಅಕ್ಷರ. ಫಾಂಟು ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚುತ್ತದೆ, ವರ್ಡ್ ಆದರೂ ಅಷ್ಟೇ, ಲಿಬ್ರೆ ಆದರೂ ಅಷ್ಟೇ. ಯೂನಿಕೋಡಿನಲ್ಲಿ ಹಾಗಲ್ಲ, ನಕಾರ ಒಳಗೂ ನಕಾರವೇ. ಹಾಗಾಗಿ ಗೂಗಲ್‌ನಲ್ಲಿ ಹುಡುಕಬಹುದು, ವಾಟ್ಸಾಪ್‌ಗೆ ಅಂಟಿಸಬಹುದು, ಅಕಾರಾದಿಯಾಗಿ ಜೋಡಿಸಬಹುದು.

ಲಿನಕ್ಸಿಗೆ ಹೊರಡುವ ಮೊದಲು ಮಾಡಬೇಕಾದ ಕೆಲಸ ಇದು: ಹಳೇ ಆಸ್ಕಿ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳುವುದು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಅವುಗಳಲ್ಲಿ ಮುಕ್ತವಾದವೂ ಇವೆ. ಅಲ್ಲಲ್ಲಿ ಅರ್ಕಾವತ್ತು ಜಾರುತ್ತದೆ, ಒಳಗೆ ಬೆರೆತ ಇಂಗ್ಲಿಷ್ ಪದಗಳು ವಿಚಿತ್ರ ಕನ್ನಡವಾಗಿಬಿಡುತ್ತವೆ. ಒಮ್ಮೆ ಕಣ್ಣಾಡಿಸಲೇಬೇಕು. ಮೂಲ ಫೈಲನ್ನು ಅಳಿಸಬೇಡಿ. ಚಾಮರಾಜಪೇಟೆಯ ಆ ಡಿಟಿಪಿ ಅಂಗಡಿ ಇಂದಿಗೂ ಆಸ್ಕಿಯಲ್ಲೇ ಪುಟ ಕಟ್ಟುತ್ತದೆ. "ನುಡಿಯಲ್ಲೇ ಕೊಡಿ ಸಾರ್, ಯೂನಿಕೋಡ್ ಕೊಟ್ರೆ ನಮ್ಮ ಪೇಜ್‌ಮೇಕರ್‌ನಲ್ಲಿ ಡಬ್ಬಿ ಡಬ್ಬಿ ಬರುತ್ತೆ" ಎನ್ನುತ್ತಾರೆ. ಅವರಿಗೆ ಬೇಕಾದಾಗ ತಿರುಗುಮುರುಗು ಪರಿವರ್ತನೆ ಮಾಡಿಕೊಟ್ಟರಾಯಿತು.

ಕೀಲಿಮಣೆಯ ಚಿಂತೆ ಬೇಡ. ಕನ್ನಡ ಗಣಕ ಪರಿಷತ್ತಿನ ಕೆಜಿಪಿ ವಿನ್ಯಾಸ, ಅಂದರೆ ನುಡಿಯಲ್ಲಿ ನಾವು ಬಳಸುವುದೇ, ಲಿನಕ್ಸಿನಲ್ಲಿ ಟೈಪಿಂಗ್ ನೋಡಿಕೊಳ್ಳುವ ಐಬಸ್ ಮತ್ತು ಎಮ್17ಎನ್ ಜೋಡಿಯಲ್ಲಿ ಇದೆ. ಎಫ್ ಒತ್ತಿದರೆ ಇಲ್ಲೂ ಅರ್ಧಾಕ್ಷರ. ಇಪ್ಪತ್ತು ವರ್ಷ ನುಡಿಯಲ್ಲಿ ಪಳಗಿದ ಮೇಷ್ಟ್ರ ಬೆರಳು ಐದು ನಿಮಿಷದಲ್ಲಿ ಹರಿದಾಡಿತು. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ಬರಹ ತಂತ್ರಾಂಶದ ಹಾಗೆ ಇಂಗ್ಲಿಷ್ ಉಚ್ಚಾರಣೆಯಲ್ಲಿ ಹೊಡೆಯುವವರಿಗೆ ಐಟ್ರಾನ್ಸ್ ಹತ್ತಿರ, ಆದರೆ ದೀರ್ಘ ಏ, ಓ ಬರೆಯುವ ಕಡೆ ಬೆರಳು ತಡವರಿಸುತ್ತದೆ.

ಬ್ರೌಸರ್, ವಿಡಿಯೋ, ಪಾಸ್‌ವರ್ಡ್

ಬ್ರೌಸರ್‌ನಲ್ಲಿ ಫೈರ್‌ಫಾಕ್ಸ್ ಒಂದು ಕಡೆ, ಕ್ರೋಮಿಯಂ ಕುಲದವು ಇನ್ನೊಂದು ಕಡೆ. ಕ್ರೋಮ್, ಎಡ್ಜ್, ಬ್ರೇವ್ ಎಲ್ಲ ಆ ಕುಲದವೇ, ಅವುಗಳಲ್ಲಿ ಬ್ರೇವ್ ಮಾತ್ರ ಮುಕ್ತ. ನನ್ನ ಓಟು ಫೈರ್‌ಫಾಕ್ಸಿಗೆ, ಕಾರಣ ಯುಬ್ಲಾಕ್ ಒರಿಜಿನ್. ಜಾಹೀರಾತು ತಡೆಯುವ ಈ ಸೇರ್ಪಡೆ ಕ್ರೋಮಿನಲ್ಲಿ ಈಗ ಪೂರ್ಣರೂಪದಲ್ಲಿ ನಡೆಯುವುದಿಲ್ಲ, ಸಣ್ಣ ಲೈಟ್ ರೂಪವೇ ಗತಿ. ಫೈರ್‌ಫಾಕ್ಸಿನಲ್ಲಿ ಪೂರ್ತಿ ನಡೆಯುತ್ತದೆ. ಸುದ್ದಿತಾಣಗಳಲ್ಲಿ ಓದಲು ಬಿಡದೆ ಎಗರುವ ಜಾಹೀರಾತುಗಳು ಮಾಯವಾದಾಗ 4 ಜಿಬಿ ಯಂತ್ರವೂ ಉಸಿರು ಬಿಡುತ್ತದೆ. ಆದರೆ ಕೆಲವು ತಾಣಗಳು ಕ್ರೋಮಿನಲ್ಲಿ ಮಾತ್ರ ಪರೀಕ್ಷೆಯಾಗಿರುತ್ತವೆ, ಫೈರ್‌ಫಾಕ್ಸಿನಲ್ಲಿ ಗುಂಡಿ ಒತ್ತಿದರೆ ಏನೂ ಆಗದು. ಅದಕ್ಕೆಂದು ಕ್ರೋಮಿಯಂ ಅಥವಾ ಬ್ರೇವ್ ಪಕ್ಕದಲ್ಲಿರಲಿ. ಬ್ರೇವ್‌ನ ಕ್ರಿಪ್ಟೋ ಪರ್ಸು, ಬಹುಮಾನದ ಗುಂಡಿಗಳನ್ನು ಮೊದಲ ದಿನವೇ ಮುಚ್ಚಿಟ್ಟುಬಿಡಿ.

ವಿಡಿಯೋಗೆ ವಿಎಲ್‌ಸಿ. ಹೋಲಿಕೆ ಬೇಡ. ಒಂದು ಕಥೆ ಮಾತ್ರ: ಪ್ಯಾರಿಸ್ಸಿನ ಕಾಲೇಜೊಂದರ ಹುಡುಗರ ಕೆಲಸವಾಗಿ ಹುಟ್ಟಿ 2001ರಲ್ಲಿ ಮುಕ್ತವಾದ ಈ ಪ್ರೋಗ್ರಾಮಿನ ತಾಣ 2022ರಲ್ಲಿ ಹಲವು ತಿಂಗಳು ಭಾರತದಲ್ಲಿ ತೆರೆಯುತ್ತಲೇ ಇರಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ತಡೆ ತೆರವಾಯಿತು. ಆ ನಡುವೆ ಜನ ಗೊತ್ತಿಲ್ಲದ ತಾಣಗಳಿಂದ ಇಳಿಸಿಕೊಂಡು ಜೊತೆಗೆ ಬೇಡದ್ದನ್ನೂ ಇಳಿಸಿಕೊಂಡರು. ಮುಕ್ತ ತಂತ್ರಾಂಶಕ್ಕೆ ಯಾರು ಬೇಕಾದರೂ ವೇಷ ಹಾಕಬಹುದು. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ, ಯೋಜನೆಯ ಸ್ವಂತ ತಾಣಕ್ಕೇ ಹೋಗಿ.

ಪಾಸ್‌ವರ್ಡುಗಳಿಗೆ ಕೀಪಾಸ್‌ಎಕ್ಸ್‌ಸಿ ಮತ್ತು ಬಿಟ್‌ವಾರ್ಡನ್. ಮೊದಲನೆಯದು ಎಲ್ಲವನ್ನೂ ಬೀಗ ಹಾಕಿದ ಒಂದೇ ಫೈಲಾಗಿ ನಿಮ್ಮ ಯಂತ್ರದಲ್ಲಿಡುತ್ತದೆ, ನಕಲು ಇಟ್ಟುಕೊಳ್ಳುವ ಜವಾಬ್ದಾರಿ ನಿಮ್ಮದು. ಎರಡನೆಯದು ಫೋನಿಗೂ ಲ್ಯಾಪ್‌ಟಾಪಿಗೂ ತಾನೇ ಹೊಂದಿಸುತ್ತದೆ. ಒಂದೇ ಯಂತ್ರ ಬಳಸುವವರಿಗೆ ಮೊದಲನೆಯದು, ಮನೆಮಂದಿಗೆಲ್ಲ ಹಂಚಬೇಕಾದರೆ ಎರಡನೆಯದು. ಡೈರಿಯ ಕೊನೇ ಹಾಳೆಯಲ್ಲಿ ಬರೆದಿಟ್ಟಿರುವವರಿಗೆ ಯಾವುದಾದರೂ ಸರಿಯೇ.

ಲಗ್ನಪತ್ರಿಕೆ ಮಾಡುವವರಿಗೆ

ಚಿತ್ರ ತಿದ್ದಲು ಗಿಂಪ್, ಬಿಡಿಸಲು ಕ್ರಿಟಾ, ವಿನ್ಯಾಸಕ್ಕೆ ಇಂಕ್‌ಸ್ಕೇಪ್. ಮೂರಕ್ಕೂ ಬೇರೆ ಬೇರೆ ಕೆಲಸ. ಗಿಂಪ್‌ನಲ್ಲಿ ಲಗ್ನಪತ್ರಿಕೆ ಮಾಡಲು ಹೋದವರು ಕೊನೆಗೆ ಮಸುಕಾದ ಅಕ್ಷರ ಅಚ್ಚಾಗಿ ಬಂದಾಗ ತಲೆಗೆ ಕೈ ಹೊತ್ತು ಕೂರುತ್ತಾರೆ. ಅಕ್ಷರ ಇರುವುದೆಲ್ಲ ಇಂಕ್‌ಸ್ಕೇಪಿನಲ್ಲಿ. ಫೋಟೋ ಮಾತ್ರ ಗಿಂಪ್‌ನಲ್ಲಿ ತಿದ್ದಿ ತಂದು ಅದರಲ್ಲಿ ಕೂರಿಸುವುದು. ಗಿಂಪ್ 2025ರ ಮಾರ್ಚಿನಲ್ಲಿ 3.0 ಆದ ಮೇಲೆ, ಹಾಕಿದ ಎಫೆಕ್ಟನ್ನು ಆಮೇಲೂ ತಿದ್ದಬಹುದು. ಫೋಟೋಶಾಪಿನವರು ಆಡುತ್ತಿದ್ದ ದೊಡ್ಡ ದೂರು ಅಲ್ಲಿಗೆ ಕಡಿಮೆಯಾಯಿತು.

ನನ್ನ ತಂಗಿಯ ಮಗಳ ಮದುವೆಯ ಪತ್ರಿಕೆಯನ್ನು ಇಂಕ್‌ಸ್ಕೇಪಿನಲ್ಲೇ ಮಾಡಿದೆ. ಮೇಲೆ ಗಣಪತಿ, ಕೆಳಗೆ "ತಮ್ಮ ಆಗಮನಾಭಿಲಾಷಿಗಳು", ಶೀರ್ಷಿಕೆಗೆ ಬಾಲೂ ತಮ್ಮ, ಒಳಬರಹಕ್ಕೆ ಟೈರೋ ಕನ್ನಡ. ಎರಡೂ ಮುಕ್ತ ಫಾಂಟುಗಳು. ಅವೆನ್ಯೂ ರಸ್ತೆಯ ಆಚೆ ಇರುವ ಪ್ರೆಸ್ಸಿಗೆ ಒಯ್ದರೆ ಅಲ್ಲಿ ಇದ್ದದ್ದು ಕೋರೆಲ್ ಡ್ರಾ. ಹುಡುಗ ಪೆನ್‌ಡ್ರೈವ್ ಹಾಕುವ ಮೊದಲೇ ಕೇಳಿದ: "ಕರ್ವ್ಸ್ ಮಾಡ್ಕೊಂಡ್ ಬಂದಿದೀರಾ?" ಅಂದರೆ ಅಕ್ಷರಗಳನ್ನೆಲ್ಲ ಗೆರೆಗಳಾಗಿ ತಿರುಗಿಸಿದ್ದೀರಾ ಎಂದು. ಇಂಕ್‌ಸ್ಕೇಪಿನಲ್ಲಿ ಪಾತ್ ಮೆನುವಿನ ಆಬ್ಜೆಕ್ಟ್ ಟು ಪಾತ್ ಎಂಬುದೇ ಅದು. ಹಾಗೆ ಮಾಡಿ ಪಿಡಿಎಫ್ ಕೊಟ್ಟರೆ ಆ ಕಡೆ ಯಾವ ಫಾಂಟೂ ಬೇಕಿಲ್ಲ, ಒತ್ತಕ್ಷರ ಒಂದು ಕೂದಲೂ ಅಲುಗುವುದಿಲ್ಲ. ಆದರೆ ತಿದ್ದಬಲ್ಲ ಮೂಲ ಪ್ರತಿಯನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡಿರಿ. ನಾನು ಉಳಿಸಿರಲಿಲ್ಲ. ಛತ್ರದ ವಿಳಾಸದಲ್ಲಿ ಒಂದು ದೀರ್ಘ ಬಿಟ್ಟುಹೋಗಿತ್ತು, ಆ ಪ್ಯಾರಾ ಪೂರ್ತಿ ಮತ್ತೆ ಟೈಪ್ ಮಾಡಿದೆ.

ಬಣ್ಣದ ವಿಷಯವೂ ಅಲ್ಲೇ ಗೊತ್ತಾಯಿತು. ಪ್ರೆಸ್ಸಿನವರದು ನಾಲ್ಕು ಬಣ್ಣದ ಸಿಎಂವೈಕೆ ಲೆಕ್ಕ, ಇಂಕ್‌ಸ್ಕೇಪಿನದು ಪರದೆಯ ಆರ್‌ಜಿಬಿ ಲೆಕ್ಕ. ಪರದೆಯ ಮೇಲೆ ಉರಿಯುತ್ತಿದ್ದ ಕುಂಕುಮಗೆಂಪು ಕಾಗದದ ಮೇಲೆ ಇಟ್ಟಿಗೆಯ ಬಣ್ಣಕ್ಕಿಳಿಯಿತು. ಬಣ್ಣವೇ ಮುಖ್ಯವಾದ ಅಚ್ಚಿನ ಕೆಲಸಕ್ಕೆ ಸ್ಕ್ರೈಬಸ್ ನೋಡಿ, ಅದು ಸಿಎಂವೈಕೆ ಬಲ್ಲದು. ದಿನಕ್ಕೆ ಹತ್ತು ಫ್ಲೆಕ್ಸ್ ಮಾಡುವವರು ಕೋರೆಲ್‌ನಲ್ಲೇ ಇರಲಿ, ಅವರ ಇಡೀ ಬೀದಿ ಅದರಲ್ಲಿದೆ.

ಇನ್ನು ಲಿನಕ್ಸಿಗೇ ಹೋಗುವುದಾದರೆ

ಇಲ್ಲಿಯ ತನಕ ಹೇಳಿದ್ದೆಲ್ಲ ವಿಂಡೋಸಿನ ಮೇಲೂ ನಡೆಯುತ್ತದೆ. ಅದಕ್ಕೇ ನಾನು ಮೊದಲು ಪ್ರೋಗ್ರಾಮು ಬದಲಿಸಿ ಎನ್ನುವುದು, ಓಎಸ್ ಆಮೇಲೆ. ಎರಡು ತಿಂಗಳು ವಿಂಡೋಸಿನಲ್ಲೇ ಲಿಬ್ರೆ, ಫೈರ್‌ಫಾಕ್ಸ್, ವಿಎಲ್‌ಸಿ ಬಳಸಿದವರಿಗೆ ಲಿನಕ್ಸ್ ಎಂದರೆ ಗೋಡೆಯ ಬಣ್ಣ ಬದಲಾದ ಮನೆ ಅಷ್ಟೇ. ಸಾಮಾನು ಅದೇ. ಅವಸರವೂ ಬೇಡ: ಮನೆಬಳಕೆಯ ವಿಂಡೋಸ್ 10ಕ್ಕೆ ಹೆಸರು ನೋಂದಾಯಿಸಿದರೆ ಭದ್ರತಾ ಅಪ್‌ಡೇಟುಗಳನ್ನು 2026ರ ಅಕ್ಟೋಬರ್ 13ರವರೆಗೆ ವಿಸ್ತರಿಸಿದ್ದಾರೆ.

ಲಿನಕ್ಸ್ ಮಿಂಟ್, ಉಬುಂಟು, ಜೋರಿನ್. ಮನೆಬಳಕೆಗೆ ಈ ಮೂರರಲ್ಲಿ ಆರಿಸಿದರೆ ಸಾಕು. ಮಿಂಟ್ ಮತ್ತು ಜೋರಿನ್ ಎರಡೂ ಉಬುಂಟುವಿನ ಅಡಿಪಾಯದ ಮೇಲೆಯೇ ಕಟ್ಟಿದವು, ಹಾಗಾಗಿ ಒಳಗಿನ ಯಂತ್ರ ಹೆಚ್ಚೂಕಡಿಮೆ ಒಂದೇ. ವ್ಯತ್ಯಾಸ ಮುಖದಲ್ಲಿ, ಮರ್ಜಿಯಲ್ಲಿ.

ವಿಂಡೋಸ್ 7 ಇಷ್ಟಪಟ್ಟವರಿಗೆ ಮಿಂಟ್. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಗಡಿಯಾರ ಬಲಕ್ಕೆ. ಅದರ ಸಿನಮನ್ ರೂಪ ಚೆಂದ, ಎಕ್ಸ್‌ಎಫ್‌ಸಿಇ ರೂಪ ಹಗುರ. 4 ಜಿಬಿ ರ‍್ಯಾಮ್ ಇದ್ದರೆ ನಾನು ಎಕ್ಸ್‌ಎಫ್‌ಸಿಇ ಹಾಕುತ್ತೇನೆ, 8 ಇದ್ದರೆ ಸಿನಮನ್. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಹಾಕಿ ಮರೆತುಬಿಡಬಹುದು.

ಉಬುಂಟು ಮುಖ ಬೇರೆ. ಎಡಗಡೆ ಸಾಲು, ಮೇಲೆ ಪಟ್ಟಿ. ಕಾಲೇಜಿನಲ್ಲಿ, ಕೆಲಸದಲ್ಲಿ ಅದೇ ಇರುವವರಿಗೆ, ತೀರಾ ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ ಸರಿ. ಏನಾದರೂ ಕೆಟ್ಟರೆ ನೆಟ್ಟಿನಲ್ಲಿ ಉತ್ತರ ಹೆಚ್ಚು ಸಿಗುವುದೂ ಅದಕ್ಕೇ. ಅದು ಪ್ರೋಗ್ರಾಮುಗಳನ್ನು ಕಟ್ಟಿಕೊಡುವ ಸ್ನ್ಯಾಪ್ ಪೊಟ್ಟಣಗಳು ಹಳೇ ಡಿಸ್ಕಿನ ಮೇಲೆ ತೆರೆಯಲು ಆಕಳಿಸುತ್ತವೆ. ಮಿಂಟ್ ಸ್ನ್ಯಾಪನ್ನು ಬೇಡವೆಂದೇ ಬಿಟ್ಟಿದೆ, ನನಗೆ ಅದು ಹಿಡಿಸಿದ್ದು ಈ ಕಾರಣಕ್ಕೂ ಹೌದು.

ಜೋರಿನ್ ವಿಂಡೋಸ್‌ನಂತೆ ಕಾಣಲು ಬಹಳ ಶ್ರಮಪಟ್ಟಿದೆ, ಅದರ 18ನೇ ಆವೃತ್ತಿಯನ್ನು ವಿಂಡೋಸ್ 10ರ ಕೊನೆಯ ದಿನವೇ ಬಿಡುಗಡೆ ಮಾಡಿದ್ದೂ ಕಾಕತಾಳೀಯವೇನಲ್ಲ ಎನಿಸುತ್ತದೆ. ಉಚಿತ ಕೋರ್ ಸಾಕು, ಪ್ರೋಗೆ ದುಡ್ಡಿದೆ. ಚೆಂದಕ್ಕೆ ಮನಸೋಲುವವರಿಗೆ ಇದು.

ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಗ್ನೂ ಲಿನಕ್ಸಿನಲ್ಲೇ ಪಾಠ ಕಲಿಯುತ್ತಿದ್ದಾರೆ. ಕಷ್ಟ, ಕಷ್ಟ ಎನ್ನುವ ದೊಡ್ಡವರಿಗೆ ನಾನು ಅದನ್ನೇ ಹೇಳುವುದು.

ಯಾವುದನ್ನೇ ಆರಿಸಿ, ಹಳೇ ಯಂತ್ರಕ್ಕೆ ಮೊದಲು ಒಂದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸಿ. ಮಿಂಟೋ ಉಬುಂಟುವೋ ಎಂಬ ವ್ಯತ್ಯಾಸಕ್ಕಿಂತ ಡಿಸ್ಕೋ ಎಸ್‌ಎಸ್‌ಡಿಯೋ ಎಂಬ ವ್ಯತ್ಯಾಸ ಹತ್ತು ಪಟ್ಟು. ಎಸ್.ಪಿ. ರೋಡಿನಲ್ಲಿ ಕೊಂಡು ಅಲ್ಲೇ ಹಾಕಿಸಬಹುದು, ಬಿಲ್ಲು ಮಾತ್ರ ಕೇಳಿ ಪಡೆಯಿರಿ, ಇಲ್ಲದಿದ್ದರೆ ವಾರಂಟಿ ಬಾಯಿಮಾತು. ಹಳೇ ಡಿಸ್ಕನ್ನು ಡಬ್ಬಿಗೆ ಹಾಕಿ ಬ್ಯಾಕಪ್ ಆಗಿ ಇಟ್ಟುಕೊಳ್ಳಿ. ಇದು ಎಷ್ಟು ಒಳ್ಳೆಯ ಉಪಾಯವೆಂದು ನನಗೆ ತಡವಾಗಿ ತಿಳಿಯಿತು. ವರ್ಷಗಳ ಹಿಂದೆ ವಿಂಡೋಸ್ ಪಕ್ಕದಲ್ಲಿ ಉಬುಂಟು ಹಾಕುವಾಗ, ಅರ್ಧ ನಿದ್ದೆಯಲ್ಲಿ, "ಜೊತೆಯಲ್ಲಿ ಹಾಕು" ಎಂಬುದರ ಬದಲು "ಡಿಸ್ಕ್ ಅಳಿಸಿ ಹಾಕು" ಎಂಬುದನ್ನು ಒತ್ತಿದ್ದೆ. ಅದರಲ್ಲಿ ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ಫೋಟೋಗಳಿದ್ದವು.

ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಒಂದು ಸಂಜೆ ಹಾಗೆ ಬಳಸಿ: ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಕ್ಯಾಮೆರಾ ನೋಡುತ್ತದೆಯೇ. ಮುಖ್ಯವಾಗಿ ಪ್ರಿಂಟರ್. ಹೊಸ ಪ್ರಿಂಟರುಗಳು ಬಹುಪಾಲು ತಾವಾಗಿಯೇ ಕೂರುತ್ತವೆ, ಹಳೆಯ ಕೆಲವು ಲೇಸರ್ ಪ್ರಿಂಟರುಗಳು ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ವಿಂಡೋಸನ್ನೂ ಉಳಿಸಿಕೊಳ್ಳುವುದಾದರೆ ಡಿಸ್ಕು ಬಿಟ್‌ಲಾಕರ್‌ನಿಂದ ಬೀಗ ಹಾಕಿದೆಯೇ ನೋಡಿ, ಅದರ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಸಿಕ್ಕಿಕೊಂಡರೆ ಕೇಳಲು ಈ ಊರಿನಲ್ಲಿ ಜನರಿದ್ದಾರೆ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಇಲ್ಲಿಯವರೇ, ಫಾಸ್ ಯುನೈಟೆಡ್‌ನ ಕೂಟಗಳೂ ನಗರದಲ್ಲಿ ನಡೆಯುತ್ತವೆ.

ಹೋಗಬಾರದವರು

ಅಂಗಡಿ ಲೆಕ್ಕ ಟ್ಯಾಲಿಯಲ್ಲಿರುವವರು ವಿಂಡೋಸಿನಲ್ಲೇ ಇರಿ. ಟ್ಯಾಲಿ ನಮ್ಮ ಬೆಂಗಳೂರಿನದೇ ಕಂಪನಿ, 1986ರಿಂದ ಇದೆ, ಆದರೆ ಅದರ ಪ್ರೋಗ್ರಾಮು ವಿಂಡೋಸಿಗಾಗಿ ಮಾಡಿದ್ದು. ಗ್ನೂಕ್ಯಾಶ್ ಒಳ್ಳೆಯದೇ, ಮನೆ ಲೆಕ್ಕಕ್ಕೆ ನಾನೂ ಬಳಸುತ್ತೇನೆ. ಆದರೆ ಮಾರ್ಚ್ ಕೊನೆಯಲ್ಲಿ ನಿಮ್ಮ ಆಡಿಟರು ಕೇಳುವುದು "ಟ್ಯಾಲಿ ಡೇಟಾ ಕಳಿಸಿ" ಎಂದೇ. ಯುಎಸ್‌ಬಿ ಟೋಕನ್ ಚುಚ್ಚಿ ಡಿಜಿಟಲ್ ಸಹಿ ಹಾಕಬೇಕಾದ ಗುತ್ತಿಗೆದಾರರೂ ಅಷ್ಟೇ, ಲಿನಕ್ಸಿನಲ್ಲಿ ಆಗುವುದೇ ಇಲ್ಲವೆಂದಲ್ಲ, ಟೆಂಡರಿನ ಕೊನೇ ದಿನ ಸಂಜೆ ಐದಕ್ಕೆ ಆ ಪ್ರಯೋಗ ಬೇಡ. ಸಂಬಳದವರ ಆದಾಯ ತೆರಿಗೆ ರಿಟರ್ನ್ಸ್‌ಗೆ ಈ ತಾಪತ್ರಯವಿಲ್ಲ. ಬ್ರೌಸರಿನಲ್ಲೇ ತುಂಬಿ ಆಧಾರ್ ಓಟಿಪಿಯಿಂದ ಮುಗಿಸಬಹುದು.

ಮೇಷ್ಟ್ರ ಯಂತ್ರಕ್ಕೆ ಎಸ್‌ಎಸ್‌ಡಿ ಬಂತು, ಮಿಂಟ್ ಎಕ್ಸ್‌ಎಫ್‌ಸಿಇ ಬಂತು. ಗುಂಡಿ ಒತ್ತಿ ಕಾಫಿಗೆ ಹಾಲು ಕಾಯಿಸುವಷ್ಟರಲ್ಲಿ ತೆರೆದುಕೊಳ್ಳುತ್ತಿದ್ದದ್ದು ಈಗ ಕನ್ನಡಕ ಹುಡುಕುವಷ್ಟರಲ್ಲಿ ತೆರೆದಿರುತ್ತದೆಯಂತೆ. ಮೊನ್ನೆ ಮೆಟ್ಟಿಲ ಮೇಲೆ ಸಿಕ್ಕಿದರು. "ಎಲ್ಲಾ ಚೆನ್ನಾಗಿದೆ. ಆ ಪೌಂಡ್ ಗುರುತಿನ ಫೈಲ್ ಇನ್ನೂ ನಲವತ್ತು ಉಳಿದಿವೆ ನೋಡು. ಭಾನುವಾರ ಬಿಡುವಿದ್ಯಾ?"